ಸಣ್ಣಜ್ಜನ ತಲೆಯ ಫೋಟೋ

ನಿಮ್ಮ ಸಣ್ಣಜ್ಜನ ತಲೆಯೊಳಗೆ ಏನಾದರೂ ಇದೆಯೇ ಎಂಬ ಅನುಮಾನ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇತ್ತು. ಹೋದ ವರ್ಷ ಜಹೀರಾಬಾದಿನಲ್ಲಿ ಫೋಟೋ ತೆಗೆಸಿದ ಮೇಲೆ ಖಾತ್ರಿಯಾಯಿತು ಮಕ್ಕಳೇ, ಇದೆ!

ಸಣ್ಣಜ್ಜ ಎಂದರೆ ನಿಮ್ಮ ಅಜ್ಜನ ತಮ್ಮ, ನನ್ನ ಮೈದುನ. ಅವನು ಒಂದು ಕಡೆ ಕೂತು ಚಹಾ ಕುಡಿದದ್ದನ್ನು ನಾನಂತೂ ಕಂಡಿಲ್ಲ. ಬಸಿ ಹಿಡಿದು ಅಂಗಳದ ತುಂಬ ಸುತ್ತುತ್ತಾನೆ. ಕಪ್ಪು ಹಿಡಿದುಕೊಂಡು ನಾನು ಹಿಂದೆ ಹಿಂದೆ ಹೋಗಬೇಕು. ಮೇದು ದಣಿದ ಕುರಿಗಳು ಮಲಗುತ್ತವೆ, ಕುರುಬ ಮಾತ್ರ ಅವುಗಳ ಸುತ್ತ ತಿರುಗುತ್ತಲೇ ಇರುತ್ತಾನೆ. ಇಂಥವನನ್ನು ಹೆತ್ತವಳು ತೊಟ್ಟಿಲಲ್ಲಿ ಹೇಗೆ ಮಲಗಿಸಿದಳೋ!

ಅವನ ಹಣೆಯ ಮೇಲೆ, ರುಮಾಲಿನ ಅಂಚಿನಲ್ಲಿ, ಒಂದು ಗಂಟು ಎದ್ದಿತು. ಮೊದಲು ಕಡಲೆಕಾಳಿನಷ್ಟಿತ್ತು, ಆಮೇಲೆ ಬೋರೆಹಣ್ಣಿನಷ್ಟಾಯಿತು. ಒತ್ತಿದರೆ ನೋವಿಲ್ಲ, ಅತ್ತಿತ್ತ ಸರಿಯುವುದೂ ಇಲ್ಲ.

"ಏನಪ್ಪಾ ಅದು?" ಎಂದೆ.

"ಕೊಂಬು ಬರಾಕತ್ತದ ವೈನಿ. ಹುಟ್ಟಿದಾಗಿಂದ ಟಗರಿನ ಜೋಡಿ ಅದೀನಿ, ಬರಬ್ಯಾಡೇನು?"

"ಮತ್ತ ಒಂದೇ ಬಂದದಲ್ಲ?"

"ಇನ್ನೊಂದು ಹಾದ್ಯಾಗ ಅದ!"

ನಾರಾಯಣಖೇಡದ ಡಾಕ್ಟರು ಆ ಕೊಂಬನ್ನು ಒತ್ತಿ ನೋಡಿದರು. ನಗಲಿಲ್ಲ. "ಎಲುಬಿನಾಗಿಂದನೇ ಎದ್ದದರಿ. ಮ್ಯಾಲೇ ಅದನೋ, ಬುರುಡಿ ಒಳಗೂ ಇಳಿದದನೋ ಕೈಗೆ ತಿಳಿಯಂಗಿಲ್ಲ. ಇಂಥವ್ರಾಗ ಸಾಧು ಗಂಟೂ ಇರ್ತಾವ, ಕೆಟ್ಟವೂ ಇರ್ತಾವ. ಜಹೀರಾಬಾದಿಗೆ ಹೋಗಿ ಸಿಟಿ ಸ್ಕ್ಯಾನ್ ಮಾಡಸ್ರಿ" ಎಂದರು.

ನಾನು ಕೂತಲ್ಲೇ ಮಲ್ಲಯ್ಯ ದೇವರಿಗೆ ಕೈ ಮುಗಿದೆ. ಇವನು ಮಾತ್ರ, "ತಾಂಡೂರಿನ ಫರ್ಸಿಕಲ್ಲು ಹಾಸಿದ ತಲಿ ಅದರಿ ಇದು, ಒಳಗ ಏನೂ ಇಳ್ಯಂಗಿಲ್ಲ" ಎನ್ನುತ್ತ ಎದ್ದೇಬಿಟ್ಟ.

ಜಹೀರಾಬಾದಿನವರು ಸೋಮವಾರ ಬರಹೇಳಿದ್ದರು. ಸೋಮವಾರ ಬೆಳಿಗ್ಗೆ ಆಸಾಮಿ ನಾಪತ್ತೆ! ಫೋನು ಹಚ್ಚಿದೆ.

"ತಾಂಡೂರಿಗೆ ಬಂದೀನಿ ವೈನಿ. ಒಂದು ಟಗರು ಛಲೋ ಅದ ಅಂದ್ರು."

"ಮತ್ತ ಫೋಟೋ?"

"ಫೋಟೋ ಕಾಯ್ತದರಿ. ಟಗರು ಕಾಯ್ತದೇನು?"

ಸಂಜೆ ಬರಿಗೈಯಲ್ಲಿ ಬಂದ. ಟಗರೂ ಇಲ್ಲ, ಫೋಟೋವೂ ಇಲ್ಲ. ಮುಂದಿನ ವಾರ ನಾನೇ ಹೊರಟೆ. ನಿಮ್ಮ ಅಜ್ಜ ಹೋದ ಮೇಲೆ ಊರ ಗಡಿ ದಾಟದವಳು, ಕಂಡಕ್ಟರನ ಹತ್ತಿರ ಟಿಕೆಟು ಕೇಳಲೂ ನಾಚುವವಳು, ಈ ಮುದುಕನ ಅಂಗಿ ಹಿಡಿದುಕೊಂಡು ಬಸ್ಸು ಹತ್ತಿದೆ. ಅಂಗಿ ಬಿಟ್ಟರೆ ನಡುದಾರಿಯಲ್ಲೇ ಇಳಿದುಬಿಟ್ಟಾನು!

ಸ್ಕ್ಯಾನಿಂಗ್ ಮಾಡುವ ಹುಡುಗಿ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕೆಂದಳು. ಕಿವಿಯ ಮುರುವು, ಬೆಳ್ಳಿಯ ಉಡಿದಾರ ನನ್ನ ಸೆರಗಿಗೆ ಬಂದವು. ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಆ ಹುಡುಗಿ ಗಾಬರಿಯಾಗಿ ಓಡಿಬಂದಳು.

"ಅಮ್ಮಾ, ತಾತ ಏನು ನುಂಗ್ಯಾನ?"

ಪರದೆಯ ಮೇಲೆ ಒಂದು ಬುರುಡೆ, ಅದರ ದವಡೆಯಲ್ಲಿ ಹುಣ್ಣಿಮೆಯ ಚಂದ್ರ! ಬಾಯಿ ತೆರೆಸಿದರೆ ಏನಿರಬೇಕು? ಕೊರಳಲ್ಲಿರುತ್ತಿದ್ದ ಮಲ್ಲಯ್ಯನ ಬೆಳ್ಳಿಬಿಲ್ಲೆ ಕೆನ್ನೆಯೊಳಗೆ ಕೂತಿತ್ತು.

"ದೀಕ್ಷಾ ಕೊಟ್ಟಾಗ ಇದನ್ನ ಮೈ ಬಿಟ್ಟು ಇಡಬ್ಯಾಡ ಅಂದಾರ. ಬಾಯಿ ಮೈಯಾಗ ಬರಂಗಿಲ್ಲೇನು?" ಎಂದು ಅವಳನ್ನೇ ಕೇಳಿದ. ಪಾಪದ ಹುಡುಗಿ, ಇದಕ್ಕೆ ಯಾವ ಕಾಲೇಜಿನಲ್ಲಿ ಉತ್ತರ ಕಲಿಸುತ್ತಾರೆ!

ಅಷ್ಟಕ್ಕೆ ಮುಗಿಯಿತೇ? ಮಲಗಿಸಿದ ಹಲಗೆ ಸರಿದಾಗಲೆಲ್ಲ, "ಯಾರದು ದೂಡಾವ್ರು?" ಎಂದು ತಲೆ ಎತ್ತಿ ನೋಡುತ್ತಿದ್ದನಂತೆ. ಫೋಟೋದಲ್ಲಿ ಒಂದು ತಲೆ ಎರಡಾಯಿತು. "ತಾತಾ, ಕದಲಬ್ಯಾಡ್ರಿ" ಎಂದು ಅವಳು, "ನಾ ಎಲ್ಲಿ ಕದಲೀನಿ?" ಎಂದು ಇವನು. ಕೊನೆಗೆ ಯಂತ್ರದ ಕಿರಣ ತಾಗದಂತೆ ನನಗೊಂದು ಭಾರದ ಅಂಗಿ ತೊಡಿಸಿ ಒಳಗೆ ನಿಲ್ಲಿಸಿದಳು. ಮಣಭಾರ ಹೊತ್ತು ನಾನೇನು ಮಾಡಲಿ? ನಮ್ಮಲ್ಲಿ ಉಣ್ಣೆ ಕತ್ತರಿಸುವಾಗ ಹೆಂಗಸರು ಕುರಿಯ ಹಿಂಗಾಲು ಹಿಡಿದು ತುಟಿಯಲ್ಲೇ ಟುರ್ರ್ ಎಂದು ಮೆಲ್ಲಗೆ ಸದ್ದು ಮಾಡುತ್ತಾರೆ, ಕುರಿ ಸುಮ್ಮನಾಗುತ್ತದೆ. ತೋಚಿದ್ದು ಅದೊಂದೇ. ಅವನ ಕಾಲಿನ ಹೆಬ್ಬೆರಳು ಹಿಡಿದೆ.

"ವೈನಿ, ನೀವು ದೊಡ್ಡಾಕಿ, ನನ್ನ ಕಾಲು ಮುಟ್ಟಬಾರದು. ಪಾಪ ಬರ್ತದ!"

"ಸುಮ್ನ ಬಿದ್ಕೋ. ಕುರಿ ಅಂದ್ಕೊಂಡು ಹಿಡ್ದೀನಿ."

ಟುರ್ರ್ ಎಂದೆ. ಅಲುಗಾಡಲಿಲ್ಲ! ಫೋಟೋ ಮುಗಿಯುವವರೆಗೆ ಕಣ್ಣು ಮುಚ್ಚಿ ಮಲಗಿದ.

ಫಲಿತಾಂಶಕ್ಕೆ ಕಾಯುವಾಗ ವರಾಂಡದಲ್ಲಿ ಅವನು ತಿರುಗಿದ ತಿರುಗಾಟಕ್ಕೆ, ಬೆಂಚಿನ ಮೇಲಿದ್ದ ಒಬ್ಬ ಹೆಂಗಸು, "ಅಣ್ಣಾ, ನಿನ್ನ ನೋಡಿ ನನಗ ಚಕ್ಕರ್ ಬರಾಕತ್ತದ" ಎಂದು ಬೇರೆ ಕಡೆ ತಿರುಗಿ ಕೂತಳು.

ಅಲ್ಲಿಯ ಡಾಕ್ಟರು ನಮ್ಮನ್ನು ಕರೆದು ಫಿಲ್ಮನ್ನು ಬೆಳಕಿಗೆ ಹಿಡಿದರು. ಗಂಟಿನೊಳಗೆ ನೀವು ಪಾಟಿಯ ಮೇಲೆ ಬರೆಯುವ ಸೂರ್ಯನ ಹಾಗೆ ಸುತ್ತಲೂ ಗೆರೆಗಳಿದ್ದವು. "ಎಲುಬಿನಾಗ ರಕ್ತನಾಳ ಗಂಟು ಕಟ್ಯಾವ. ಭಾಳ ಅಪರೂಪ ಇದು. ಒಳಗ ಮಿದುಳಿನ ಕಡೆ ಹೋಗಿಲ್ಲ. ಸಾಧು ಅಂತನೇ ಕಾಣಸ್ತದ. ಆದ್ರೂ ನಡುನಡುವ ಬಂದು ತೋರಸ್ರಿ."

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಇನ್ನು ಇವನು 'ಅಪರೂಪದ ತಲಿ' ಎಂದು ಊರೆಲ್ಲ ಡಂಗುರ ಹೊಡೆಯುತ್ತಾನೆ ಎಂದುಕೊಂಡೆ. ಆದರೆ ಅವನು ಮೇಜಿನ ಅಂಚು ಹಿಡಿದು ನಿಂತುಬಿಟ್ಟಿದ್ದ.

"ಡಾಕ್ಟ್ರೇ, ಇದು ವಂಶದಾಗ ಇಳೀತದೇನ್ರಿ? ನಮ್ಮ ಅಣ್ಣನ ಮೊಮ್ಮಕ್ಕಳು ಅದಾವ."

"ಇಲ್ಲ ಅಜ್ಜಾ, ಹಂಗ ಬರಂಗಿಲ್ಲ."

"ಖರೇ?"

"ಖರೇನ."

"ಇನ್ನೊಮ್ಮೆ ಹೇಳ್ರಿ."

ಆಗ ನನಗೆ ತಿಳಿಯಿತು. ಅದಕ್ಕೂ ಮೊದಲು ದೀಪಾವಳಿಗೆ ಬಂದಾಗ ನಿಮ್ಮನ್ನು ಸಾಲಾಗಿ ಕೂರಿಸಿ ಒಬ್ಬೊಬ್ಬರ ತಲೆಯನ್ನೂ ಬೆರಳಿನಿಂದ ತಡಕಿದ್ದನಲ್ಲ, ಸಣ್ಣಜ್ಜ ಹೇನು ಹುಡುಕುತ್ತಾನೆ ಎಂದು ನೀವು ಬಿದ್ದು ಬಿದ್ದು ನಕ್ಕಿರಲ್ಲ, ಅವನು ಹುಡುಕಿದ್ದು ಹೇನನ್ನಲ್ಲ.

ಹೊರಗೆ ಬಂದವನೇ ನನ್ನ ಫೋನು ಕಸಿದು ನಿಮಗೆ ಹಚ್ಚಿದ. ಸಂಜೆ ನಾಲ್ಕಕ್ಕೆ ಫೋನು ಮಾಡಿ "ಉಂಡ್ರೇನು?" ಎಂದು ಕೇಳಿದ ಎಂದು ನೀವು ಇವತ್ತಿಗೂ ಅವನನ್ನು ಆಡಿಕೊಳ್ಳುತ್ತೀರಿ. ನೀವು ನಗುತ್ತಿದ್ದಾಗ ಅವನು ಗೋಡೆಗೆ ಮುಖ ಮಾಡಿ ನಿಂತಿದ್ದ. ನೀವು ಫೋನು ಇಟ್ಟು ಎಷ್ಟೋ ಹೊತ್ತಾದರೂ ಕಿವಿಯಿಂದ ಅದನ್ನು ಇಳಿಸಲಿಲ್ಲ.