ಗುಡ್ಡದೊಳಗಿನ ಸ್ಟೇಷನ್ ಶಾಲೆ

ನೆಮ್ಮದಿಯಾಗಿ ಪಾಠ ಮಾಡಿದ ಒಂದು ದಿನ ಹೇಳಿ ಅಂದ್ರೆ ನನಗೆ ನೆನಪಾಗಲ್ಲ. ದಿನಾ ಏನಾದ್ರೂ ಒಂದು ಆಗೇ ಆಗೋದು. ಎಪ್ಪತ್ತರ ದಶಕದಲ್ಲಿ ಉಬ್ರಾಣಿ ಕಡೆಯ ಹಳ್ಳಿಯೊಂದಕ್ಕೆ ಮೇಷ್ಟ್ರಾಗಿ ಹೋದೆ. ಶಾಲೆಯ ಸೂರು ಬಿದ್ದಿತ್ತು. ಊರವರು ತೋರಿಸಿದ ಬದಲಿ ಜಾಗ, ಹಿಂದೆ ದಿಮ್ಮಿ ಸಾಗಿಸೋ ಪುಟ್ಟ ರೈಲಿಗೆ ಅಂತ ಸಣ್ಣ ಗುಡ್ಡ ಕೊರೆದು ಮಾಡಿದ್ದ ಸ್ಟೇಷನ್. ರೈಲು ಯಾವತ್ತೋ ನಿಂತಿತ್ತು. ಉಳಿದಿದ್ದು ಪ್ಲಾಟ್‌ಫಾರಂ ಕಟ್ಟೆ, ಟಿಕೆಟ್ ಕಿಂಡಿ, ಆಚೆಗೊಂದು ಈಚೆಗೊಂದು ಸುರಂಗದ ಬಾಯಿ.

ಇಪ್ಪತ್ತು ಮಕ್ಕಳಿಲ್ಲದಿದ್ರೆ ಶಾಲೆ ಮುಚ್ಚುತ್ತೇವೆ ಅಂತ ಮೇಲಿನವರು ಹೇಳಿದ್ದರು. ನನಗಿದ್ದದ್ದು ಹನ್ನೆರಡು. ಶಾಲೆ ಹೋದ್ರೆ ಹೆಣ್ಣುಮಕ್ಕಳ ಓದು ಅಲ್ಲಿಗೇ ಮುಗೀತು. ಆ ಚಿಂತೆಗೆ ನಾನು ಕೂತಲ್ಲಿ ಕೂರದೆ, ಪಾಠದ ನಡುವೆಯೂ ಕಟ್ಟೆ ಮೇಲೆ ಅತ್ತಿಂದಿತ್ತ ತಿರುಗುತ್ತಿದ್ದೆ.

೧. ಗಂಟೆ

ಸುರಂಗದ ಈಚೆ ಬಾಯಲ್ಲಿ ಗಂಟೆ ಅಂತ ಒಂದು ಹಳಿ ತುಂಡು ನೇತಾಡ್ತಿತ್ತು. ಮೊದಲ ದಿನ ಬಾರಿಸಿದೆ. ಗುಡ್ಡದ ಮೇಲೆ ಮೇಯ್ತಿದ್ದ ಎಮ್ಮೆಗಳೆಲ್ಲ ಓಡಿಬಂದು ಕಟ್ಟೆ ಹತ್ತಿ ನಿಂತವು. ಹಿಂದೆ ಅವನ್ನು ಕಾಯೋ ಅಜ್ಜ. ಗಂಟೆ ಆದ್ರೆ ರೈಲಿಗೆ ದಾರಿ ಬಿಟ್ಟು ಕಟ್ಟೆ ಹತ್ತಬೇಕು ಅನ್ನೋದು ರೈಲಿನ ಕಾಲದ ಕಟ್ಟಳೆಯಂತೆ. ರೈಲು ನಿಂತು ಎಷ್ಟು ವರ್ಷ ಆಯ್ತಜ್ಜ ಅಂದೆ.

"ನನಗೆ ಗೊತ್ತೈತ್ರೀ. ಎಮ್ಮೆಗೆ ಯಾರು ಹೇಳ್ಬೇಕು?"

೨. ಟಿಕೆಟ್

ಬಿಡುವಿನಲ್ಲಿ ಮಕ್ಕಳದ್ದು ಒಂದೇ ಆಟ. ಕಿಂಡಿಯೊಳಗೆ ಒಬ್ಬ ಹುಡುಗಿ ಹೊಂಗೆ ಎಲೆ ಕೊಡೋಳು. ಉಳಿದವರು ಕೈ ಚಾಚಿ ಇಸಕೊಂಡು, ಆಚೆ ಬಾಯಿಂದ ಹೊರಬಿದ್ದು, ಗುಡ್ಡ ಸುತ್ತಿ, ಈಚೆ ಬಾಯಿಂದ ಬಂದು ಮತ್ತೆ ಸಾಲಿಗೆ. ಒಂದಿನ ಊರಿನ ಗೌಡರು ಬಂದ್ರೆ ಅವರನ್ನೂ ಸಾಲಿನಲ್ಲಿ ನಿಲ್ಲಿಸಿದಳು. ಮೇಷ್ಟ್ರ ಹತ್ರ ಹೋಗ್ಬೇಕಮ್ಮ ಅಂದರಂತೆ ಗೌಡರು.

"ಆ ರೈಲು ಒಂದ್ ಕಡೆ ನಿಲ್ಲಂಗಿಲ್ರೀ," ಅಂದಳಂತೆ.

೩. ತಲೆ ಎಣಿಕೆ

ಕೊನೆಗೂ ಮಕ್ಕಳನ್ನ ಎಣಿಸೋಕೆ ಶಾಲಾ ಇನ್ಸ್‌ಪೆಕ್ಟರು ಬಂದರು. ಸುರಂಗದ ಮೇಲೆಲ್ಲ ಬಾವಲಿಗಳು ನೇತಾಡ್ತಿದ್ದವು, ಅವರಿಗೋ ಬಾವಲಿ ಅಂದ್ರೆ ಜೀವಭಯ. ಟಿಕೆಟ್ ಕೋಣೆ ಹೊಕ್ಕು ಕದ ಹಾಕ್ಕೊಂಡು, ಕಿಂಡಿ ಮುಂದೆ ಒಬ್ಬೊಬ್ಬರೇ ಬನ್ನಿ ಅಂದರು.

ಮಕ್ಕಳು ಬಿಡ್ತಾವಾ? ಕೈ ಚಾಚಿದವು, ಮುಂದೆ ಹೋದವು, ಗುಡ್ಡ ಸುತ್ತಿ ಬಂದವು. ಆ ಮಬ್ಬುಗತ್ತಲಲ್ಲಿ ಅವರಿಗೆ ಕಂಡದ್ದು ಬರೀ ಕೈ. ಹನ್ನೆರಡು ದಾಟಿತು, ಇಪ್ಪತ್ತು ದಾಟಿತು. ತಡೆಯಲಾರದೆ ಸಾರ್ ಅಂದೆ. ಎಣಿಕೆ ತಪ್ಪಿಸಬೇಡ್ರೀ ಅಂತ ಗದರಿದರು. ನಲವತ್ತಕ್ಕೆ ಅವರೇ ಸುಸ್ತಾಗಿ ನಿಲ್ಲಿಸಿದರು. ಆಮೇಲೆ ಹಾಜರಿ ಪುಸ್ತಕ ನೋಡಿ ಕೆಂಡವಾದರು.

"ನಲವತ್ತು ಮಕ್ಕಳಿಟ್ಟುಕೊಂಡು ಹನ್ನೆರಡೇ ಹೆಸರು ಬರೆದಿದ್ದೀರಲ್ರೀ, ಇಷ್ಟು ಸೋಮಾರಿತನವೇ?"

ಬೈಸಿಕೊಂಡು ಅಷ್ಟು ಖುಷಿಪಟ್ಟಿದ್ದು ಜೀವನದಲ್ಲಿ ಅದೊಂದೇ ಸಲ. ಶಾಲೆ ಉಳಿಯಿತು. ಸಾಲದ್ದಕ್ಕೆ, ನಲವತ್ತು ಮಕ್ಕಳಿಗೆ ಒಬ್ಬರೇ ಆಗಲ್ಲ ಅಂತ ಇನ್ನೊಬ್ಬ ಮೇಷ್ಟ್ರನ್ನೂ ಕಳಿಸಿದರು. ಹೊಸಬರು ಬಂದವರೇ ಮಕ್ಕಳನ್ನ ಎರಡು ಸಲ ಎಣಿಸಿ, ಉಳಿದವರೆಲ್ಲಿ ಅಂದರು. ಕಿಂಡಿಯಿಂದ ಟಿಕೆಟ್ ಹುಡುಗಿ ತಲೆ ಹೊರಹಾಕಿದಳು.

"ಅವರು ಹಿಂದಿನ ರೈಲಿಗೇ ಹೋದ್ರು ಸಾರ್."