ಅತ್ತೆ ಆರಿಸಿದ ತೂಕದ ಮೆಷಿನ್

ಭಟ್ಕಳದಿಂದ ಕುಮಟಾದವರೆಗಿನ ಅಂಗಡಿಯವರು ಹೆದರುವುದು ಇಬ್ಬರಿಗೆ ಮಾತ್ರ. ಒಬ್ಬರು ತೆರಿಗೆ ಇಲಾಖೆಯ ಅಧಿಕಾರಿ, ಇನ್ನೊಬ್ಬಳು ನನ್ನ ಅತ್ತೆ. ಇವರಲ್ಲಿ ಅಧಿಕಾರಿಯೇ ವಾಸಿ. ಬಂದವರು ಸಂಜೆಯೊಳಗೆ ಹೊರಟು ಹೋಗುತ್ತಾರೆ.

ಅತ್ತೆ ನನ್ನ ಅಪ್ಪನ ತಂಗಿ, ಶಿರಾಲಿಗೆ ಮದುವೆಯಾಗಿ ಹೋದವಳು. ಯಾವ ವಸ್ತುವನ್ನಾಗಲಿ ಅಂಗಡಿಯಲ್ಲೇ ಬಳಸಿ ನೋಡದೆ ಕೊಂಡವಳಲ್ಲ. ಕುಕ್ಕರ್ ತರಲು ಹೋದಾಗ ಚೀಲದಲ್ಲಿ ಅಕ್ಕಿಯನ್ನೂ ಬಾಟಲಿಯಲ್ಲಿ ನೀರನ್ನೂ ಒಯ್ದಿದ್ದಳು. ಅಂಗಡಿಯ ಹಿಂದೆ ಚಾ ಕಾಸುವ ಸ್ಟವ್ ಇರುವುದು ಅವಳಿಗೆ ಮೊದಲೇ ಗೊತ್ತಿತ್ತು. ಸೀಟಿ ಕೂಗಿ, ಮುಚ್ಚಳ ತೆಗೆದು, ಅಗುಳು ಹಿಚುಕಿ ನೋಡಿದ ಮೇಲೆಯೇ ರೇಟಿನ ಮಾತು.

ಹಾಸಿಗೆಯ ಕತೆ ಇನ್ನೂ ಚೆನ್ನಾಗಿದೆ. "ಮಲಗುವ ವಸ್ತು ಕೈಯಲ್ಲಿ ಒತ್ತಿ ನೋಡಿದ್ರೆ ಎಂತ ತಿಳೀತದೆ?" ಎಂದು ಅಂಗಡಿಯಲ್ಲೇ ಅಡ್ಡಾದವಳಿಗೆ ನಿಜವಾಗಿಯೂ ನಿದ್ದೆ ಹತ್ತಿತು. ಮಾಲೀಕ ಊಟಕ್ಕೆ ಬಾಗಿಲು ಹಾಕಬೇಕು, ಎಬ್ಬಿಸುವ ಧೈರ್ಯ ಯಾರಿಗಿದೆ? ಪಾಪ, ಹಸಿದುಕೊಂಡು ಕಾದ. ಎದ್ದ ಅತ್ತೆ ಸೆರಗು ಸರಿಮಾಡಿಕೊಂಡು, "ಹಾಸಿಗೆ ಅಡ್ಡಿಲ್ಲ. ನಿಮ್ಮ ಫ್ಯಾನು ಸದ್ದು ಮಾಡ್ತದೆ" ಎಂದಳು.

ಹೋದ ವರ್ಷ ನನ್ನ ಅಮ್ಮನಿಗೆ ಮಂಗಳೂರಿನಲ್ಲಿ ಹೊಟ್ಟೆಯ ಆಪರೇಷನ್ ಆಯಿತು. ಹೊನ್ನಾವರದ ಪಕ್ಕದ ಕಾಸರಕೋಡಿನ ನಮ್ಮ ಮನೆಗೆ ಕರೆತಂದಾಗ ಅವಳು ಅರ್ಧ ಆಗಿದ್ದಳು. ಊಟವೆಂದರೆ ಮುಖ ತಿರುಗಿಸುತ್ತಿದ್ದಳು. ಡಾಕ್ಟರು, "ತೂಕ ಏರಬೇಕು. ಆದರೆ ಬರೀ ಬೊಜ್ಜು ಬಂದರೆ ಉಪಯೋಗವಿಲ್ಲ, ಮೈಯಲ್ಲಿ ಶಕ್ತಿ ತುಂಬಬೇಕು. ತೂಕ, ಬೊಜ್ಜು ಎರಡನ್ನೂ ತೋರಿಸುವ ಮೆಷಿನ್ ಬರುತ್ತದೆ, ಒಂದು ಇಟ್ಟುಕೊಳ್ಳಿ" ಎಂದಿದ್ದರು.

ನಾನು ಮೊಬೈಲಿನಲ್ಲೇ ತರಿಸಲು ಹೊರಟಿದ್ದೆ. ಅಮ್ಮನನ್ನು ನೋಡಿಕೊಳ್ಳಲು ಬಂದು ಉಳಿದಿದ್ದ ಅತ್ತೆ ಫೋನು ಕಸಿದುಕೊಂಡಳು.

"ಹತ್ತಿ ನೋಡದೆ ತೂಕದ ಮೆಷಿನ್ ತರಿಸ್ತಾರಾ? ಸ್ಕೂಟರ್ ತೆಗಿ."

ಹೊನ್ನಾವರದಲ್ಲಿ ಮೊದಲು ಹೋದದ್ದು ಅಕ್ಕಿ ಅಂಗಡಿಗೆ. ಮೂಟೆ ತೂಗುವ ಕಾಟಾದ ಮೇಲೆ ನಿಂತು ತನ್ನ ತೂಕ ತಿಳಿದುಕೊಂಡಳು. ಅಲ್ಲಿಂದ ನೇರವಾಗಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗೆ. ದಾರಿಯಲ್ಲಿ ಚಾ ಕುಡಿಯೋಣವಾ ಎಂದು ಕೇಳಿದ್ದಕ್ಕೆ, "ಸುಮ್ನಿರು, ತೂಕ ಬದಲಾಗ್ತದೆ" ಎಂದು ಗದರಿದಳು. ಇಷ್ಟೆಲ್ಲ ಜೋಪಾನ ಮಾಡಿದರೂ ಅಂಗಡಿಯ ಮೆಷಿನ್ ಬೇರೆಯೇ ತೂಕ ತೋರಿಸಿತು.

"ಆ ಅಕ್ಕಿ ಅಂಗಡಿ ಕಾಟಾವೇ ಸರಿ ಇರ್ಲಿಕ್ಕಿಲ್ಲ, ಅಮ್ಮಾ" ಎಂದ ಅಂಗಡಿಯವ.

"ನೀವು ಅಕ್ಕಿ ತರೋದು ಎಲ್ಲಿಂದ?"

"ಅಲ್ಲಿಂದಲೇ" ಎಂದ ಅವನ ಮುಖ ನಿಧಾನವಾಗಿ ಬಾಡಿತು.

ಬೊಜ್ಜು ಅಳೆಯಲು ಕಾಲಿನ ಮೂಲಕ ಸಣ್ಣಗೆ ಕರೆಂಟ್ ಹಾಯುತ್ತದೆ ಎಂದು ಅವನು ಹೇಳಿದ್ದೇ ತಡ, ಅತ್ತೆ ಕೆಳಗಿಳಿದು ನನ್ನನ್ನು ಹತ್ತಿಸಿದಳು. ನಾನು ಸಾಯಲಿಲ್ಲ ಎಂದು ಖಾತ್ರಿಯಾದ ಮೇಲೆ ಬಗ್ಗಿ ಅಂಕಿ ಓದಿದಳು. "ಮೂವತ್ಮೂರು ಪರ್ಸೆಂಟಾ? ಅಂದರೆ ಶಾಲೆಗೆ ಹೋಗುವ ನಮ್ಮ ಮಾಸ್ತರರ ಮೈಯಲ್ಲಿ ಮೂರರಲ್ಲೊಂದು ಪಾಲು ಬರೀ ತುಪ್ಪ." ಅಂಗಡಿಯಲ್ಲಿ ನನ್ನ ಇಬ್ಬರು ವಿದ್ಯಾರ್ಥಿಗಳ ತಾಯಂದಿರಿದ್ದರು. ಇಂಥ ಮಾತು ಬೀಳುವಾಗ ಅವರು ಇರಲೇಬೇಕಲ್ಲ?

ಮೆಷಿನ್ ಮಾತ್ರ ಒಪ್ಪಿಗೆಯಾಗಲಿಲ್ಲ. ಮರುದಿನ ಭಟ್ಕಳಕ್ಕೆ ಹೋದೆವು. ಅಲ್ಲಿ ಫಾರಿನ್ ಸಾಮಾನಿನ ಅಂಗಡಿಯ ಹಿರಿಯರೊಬ್ಬರು ನಯವಾಗಿ, "ಇದಕ್ಕೆ ಮೊದಲು ವಯಸ್ಸು ಹೇಳ್ಬೇಕು, ಆಪಾ" ಎಂದರು. ಆಪಾ ಎಂದರೆ ಅಕ್ಕ.

ಅತ್ತೆಯ ವಯಸ್ಸು ಅವಳ ಗಂಡನಿಗೂ ಸರಿಯಾಗಿ ಗೊತ್ತಿಲ್ಲ. ನನ್ನನ್ನು ದೂರ ನಿಲ್ಲಿಸಿ ಹಿರಿಯರಿಗೆ ಮೆಲ್ಲಗೆ ಏನೋ ಹೇಳಿದಳು. ಹತ್ತಿ ನಿಂತಳು. ಕೆಂಪು ದೀಪ ಹತ್ತಿತು.

"ನಲವತ್ತೈದು ವರ್ಷಕ್ಕೆ ಈ ಬೊಜ್ಜು ಜಾಸ್ತಿ ಆಯ್ತು" ಎಂದರು ಅವರು. "ವಯಸ್ಸು ಇನ್ನೂ ಹೆಚ್ಚಿದ್ರೆ ಇಷ್ಟಕ್ಕೆ ತೊಂದರೆ ಇರ್ಲಿಲ್ಲ."

ಅತ್ತೆ ಯೋಚಿಸಿದಳು. "ಐವತ್ತೈದು ಹಾಕಿ."

ಹಳದಿ ದೀಪ.

"ಅರವತ್ತೈದು ಹಾಕಿ."

ಹಸಿರು ಹತ್ತಿತು. ಅತ್ತೆಯ ಮುಖ ಅರಳಿತು.

"ಅತ್ತೆ, ಅಪ್ಪನಿಗೇ ಇನ್ನೂ ಅರವತ್ತೆರಡು" ಎಂದೆ.

"ಅಡ್ಡಿಲ್ಲ. ನಾಳೆಯಿಂದ ಅವ ನನ್ನನ್ನು ಅಕ್ಕ ಅನ್ನಲಿ."

ಹಸಿರು ದೀಪ ಹೊತ್ತಿಸಿದ ಆ ಮೆಷಿನನ್ನೂ ಅವಳು ಕೊಳ್ಳಲಿಲ್ಲ. ಮೇಲಿನ ಗಾಜನ್ನು ಅಂಗಾಲಿನಿಂದ ಉಜ್ಜಿ, "ಜಾರ್ತದೆ" ಎಂದು ಇಳಿದುಬಿಟ್ಟಳು.

ಕೊನೆಗೆ ಕುಮಟಾ. ಅಲ್ಲಿ ಅಗಲವಾದ, ತುಸು ತರಿತರಿ ಮೈಯ, ದಪ್ಪ ಅಂಕಿಯ ಮೆಷಿನ್ ಸಿಕ್ಕಿತು. ಅದರ ಮುಂದೆ ಅತ್ತೆ ವಿಚಿತ್ರವಾಗಿ ನಡೆದಳು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಗೋಡೆ ಹುಡುಕುತ್ತಿತ್ತು, ಹೆಜ್ಜೆ ನೆಲ ಬಿಟ್ಟು ಏಳುತ್ತಿರಲಿಲ್ಲ. ಅಮ್ಮ ಈಗ ನಡೆಯುತ್ತಿದ್ದುದು ಹಾಗೆಯೇ. ಅದೇ ನಡಿಗೆಯಲ್ಲಿ ಹತ್ತಿ, ಇಳಿದು, ಮತ್ತೆ ಹತ್ತಿದಳು. ಅಂಗಡಿಯವರು ನಗಲು ಹೋದವರು ಸುಮ್ಮನಾದರು.

"ಇದು ಆತು" ಎಂದಳು.

ಅಂದಿನಿಂದ ಬೆಳಗಿನ ಕಾರ್ಯಕ್ರಮ ಶುರುವಾಯಿತು. ಮೆಷಿನ್ ಸರಿ ಇದೆಯೇ ಎಂದು ಪರೀಕ್ಷಿಸಲು ಮೊದಲು ಅತ್ತೆ ಹತ್ತುವಳು, ಆಮೇಲೆ ಅಮ್ಮನನ್ನು ಕೈ ಹಿಡಿದು ಹತ್ತಿಸುವಳು. ಅಂಕಿ ಏರದಿದ್ದರೆ ಮೆಷಿನ್ನಿಗೆ ಬೈಗುಳ, ತುಸು ಏರಿದರೆ ಕೇರಿಗೆಲ್ಲ ಸುದ್ದಿ. ಗಂಜಿ, ಮೊಟ್ಟೆ, ನೊಗಲಿ ಮೀನಿನ ಸಾರು, ಎಲ್ಲವನ್ನೂ ಅಮ್ಮನೆದುರು ಹಿಡಿದು ನಿಲ್ಲುವಳು. "ನಾಳೆ ಬೆಳಿಗ್ಗೆ ನನ್ನ ಮರ್ಯಾದೆ ನಿನ್ನ ಕೈಯಲ್ಲಿದೆ, ಅತ್ಗೆ" ಎಂದು ಗೋಗರೆಯುವಳು. ಅಮ್ಮ ನಗುತ್ತ ಒಂದು ತುತ್ತು ಹೆಚ್ಚು ತಿನ್ನುವಳು. ಹೀಗೆಯೇ ಅವಳ ಕೆನ್ನೆ ತುಂಬತೊಡಗಿತು. ನಡಿಗೆ ನೆಟ್ಟಗಾಯಿತು. ಬೊಜ್ಜು ಹಾಗೆಯೇ ಇದ್ದು ತೂಕ ಮಾತ್ರ ಏರಿದೆ ಎಂದು ಡಾಕ್ಟರೂ ಖುಷಿಪಟ್ಟರು.

ಆದರೆ ಪರೀಕ್ಷೆಗೆಂದು ಹತ್ತುವ ಅತ್ತೆಯ ಅಂಕಿ ಇಳಿಯುತ್ತಲೇ ಹೋಯಿತು. "ಮೆಷಿನ್ ಹಾಳಾಗಿದೆ" ಎಂದು ಕಾಲಲ್ಲಿ ತಟ್ಟುವಳು. ಒಂದು ಬೆಳಿಗ್ಗೆ ಅಮ್ಮ ಅದನ್ನು ನೋಡಿದಳು.

"ನನಗೆ ಸರಿ ತೋರಿಸುವ ಮೆಷಿನ್ ನಿನಗೆ ಮಾತ್ರ ಸುಳ್ಳು ಹೇಳ್ತದಾ?"

ಅತ್ತೆ ಮೆಷಿನನ್ನು ಕಾಲಲ್ಲಿ ಮೂಲೆಗೆ ತಳ್ಳಿದಳು. ಅಮ್ಮ ಬಿಡಲಿಲ್ಲ. ಕೊನೆಗೆ ಅತ್ತೆ ನೆಲ ನೋಡುತ್ತ, "ಒಪ್ಪತ್ತು ಉಣ್ಣುತ್ತಿದ್ದೇನೆ. ಮೀನೂ ಬಿಟ್ಟಿದ್ದೇನೆ. ನಿನ್ನ ಮೈ ತುಂಬುವ ತನಕ ಅಂತ ದೇವಿಗೆ ಹೇಳಿಕೊಂಡಿದ್ದೆ" ಎಂದಳು.

ನಮಗೆಲ್ಲ ಬಡಿಸಿ, "ನಾನು ಆಮೇಲೆ ಉಣ್ತೇನೆ" ಎಂದು ಅಡುಗೆಮನೆಯಲ್ಲೇ ಉಳಿಯುತ್ತಿದ್ದವಳು ಅವಳು. ದಿನಾ ಮೀನು ಬೇಯಿಸಿದವಳು, ಮೀನಿಲ್ಲದ ಊಟವನ್ನು ಊಟವೆಂದೇ ಎಣಿಸದವಳು. ನಮ್ಮಲ್ಲಿ ಯಾರೊಬ್ಬರಿಗೂ ಗೊತ್ತಾಗಿರಲಿಲ್ಲ.

ಅಮ್ಮ ಕೇಳಿದಳು: "ಇಷ್ಟು ಕಿಲೋ ಅಂತ ದೇವಿಗೆ ಹೇಳಿದ್ದೆಯಾ?"

"ಇಲ್ಲ."

"ಹಾಗಾದ್ರೆ ನನ್ನ ಮೈ ತುಂಬಿ ಆತು. ಇನ್ನು ಸಾಕು."

ಆಪರೇಷನ್ ಆದ ಮೇಲೆ ಅಮ್ಮ ಒಲೆಯ ಮುಂದೆ ನಿಂತದ್ದು ಅವತ್ತೇ ಮೊದಲು. ಅತ್ತೆ ತಡೆಯಲು ಹೋದಳು. ಅಮ್ಮ ಅವಳನ್ನು ಭುಜ ಹಿಡಿದು ಕೂರಿಸಿದಳು. ಬಂಗಡೆಗೆ ಮಸಾಲೆ ಸವರಿ ಕಾವಲಿಯ ಮೇಲಿಟ್ಟಳು. ಬಿಸಿ ಅನ್ನ ಬಡಿಸಿ, ಪಕ್ಕದಲ್ಲೇ ಕುಳಿತು ಸಣ್ಣ ಮಕ್ಕಳಿಗೆ ಬಿಡಿಸಿ ಕೊಡುವಂತೆ ಮುಳ್ಳು ತೆಗೆದು ಮೀನನ್ನು ಅತ್ತೆಯ ತಟ್ಟೆಗೆ ಹಾಕತೊಡಗಿದಳು. ಅತ್ತೆ ತಲೆ ಎತ್ತದೆ ಉಂಡಳು. ಅಮ್ಮ ಇನ್ನೊಂದು ಬಂಗಡೆಗೆ ಕೈ ಹಾಕಿದಾಗ ಬೇಡ ಎನ್ನಲಿಲ್ಲ. ತಟ್ಟೆಯನ್ನು ತುಸು ಅಮ್ಮನ ಹತ್ತಿರಕ್ಕೆ ಸರಿಸಿದಳು.