ರಂಗೋಲಿ ಮೇಲೆ ನಿಂತ ಪಾರ್ಸರ್

ಕಂಪ್ಯೂಟರೇ ಇಲ್ಲದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳಿಗೆ ನಗೆಪಾಟಲಿನ ಬರ ಇರುವುದಿಲ್ಲ. ಎಂಬತ್ತರ ದಶಕದ ಬಳ್ಳಾರಿಯಲ್ಲಿ ನಾನು ಆ ಭಾಗ್ಯವತಿ. ವಿಶ್ವವಿದ್ಯಾಲಯದವರು ಬಂದು ನೋಡಿ ಒಪ್ಪಿದರೆ ಕೋರ್ಸು ಉಳಿಯುತ್ತಿತ್ತು, ಅದರ ಜೊತೆ ನನ್ನ ನೌಕರಿಯೂ.

ಉಪ್ಪಿನಿಂದ ಶುರು

ಪಾರ್ಸರ್ ಎಂದರೆ ಪ್ರೋಗ್ರಾಮನ್ನು ಪದಪದವಾಗಿ ಓದಿ, ಯಾವುದರ ಹಿಂದೆ ಯಾವುದು ಬರಬೇಕೆಂಬ ನಿಯಮ ಹಿಡಿದು, ಸರಿ ತಪ್ಪು ಹೇಳುವಂಥದ್ದು. ತರಗತಿಯಲ್ಲಿ ಇದನ್ನು ಮದುವೆ ಊಟಕ್ಕೆ ಹೋಲಿಸಿದ್ದೆ: ಮೊದಲು ಉಪ್ಪು, ಆಮೇಲೆ ಹೋಳಿಗೆ, ಅನ್ನ, ಕೊನೆಗೆ ಮಜ್ಜಿಗೆ.

ಸಿರುಗುಪ್ಪದ ವಿದ್ಯಾರ್ಥಿಯೊಬ್ಬ ಅಕ್ಕನ ಮದುವೆಗೆ ಕರೆದ. ಇಡೀ ತರಗತಿ ಒಂದೇ ಪಂಕ್ತಿಯಲ್ಲಿ ಕೂತಿತ್ತು. ಮಜ್ಜಿಗೆ ಕುಡಿದಾದ ಮೇಲೆ ಬಡಿಸುವವನು ಹೋಳಿಗೆ ತಂದ.

"ಮೇಡಂ, ಎರರ್!" ಎಂದು ಹುಡುಗರು ಒಟ್ಟಿಗೆ ಕೂಗಿದರು.

ಮನೆಯ ಯಜಮಾನರು ಗಾಬರಿಯಾಗಿ ಬಂದರು. "ಏನಾತವ್ವ?"

"ಕ್ರಮ ತಪ್ಪೈತ್ರಿ. ಮಿಷಿನ್ ಆಗಿದ್ರ ಇಲ್ಲೇ ನಿಂತು ಬಿಡ್ತಿತ್ತು," ಎಂದೆ.

"ನಮ್ಮ ಮನ್ಯಾಗ ನಿಲ್ಲಂಗಿಲ್ಲ! ಲೇ, ಹೊಸಾ ಎಲಿ ಹಾಕ್ರಿ, ಉಪ್ಪಿನಿಂದ ಶುರು ಮಾಡ್ರಿ!"

ತಪ್ಪಾದರೆ ಮತ್ತೆ ಮೊದಲಿನಿಂದ ಓದುವ ಪಾಠವನ್ನು ನನ್ನ ಹುಡುಗರು ಅವತ್ತು ಹೊಟ್ಟೆತುಂಬ ಕಲಿತರು.

ಅವ್ವನ ಕಮಲ

ನಿಯಮಗಳನ್ನು ಚಿತ್ರವಾಗಿ ಬರೆಯುವ ರೂಢಿಯಿದೆ. ವೃತ್ತಗಳು ನಿಲ್ಲುವ ಜಾಗ, ಬಾಣಗಳು ದಾರಿ. ಸರಿಯಾದ ಪದ ಬಂದರೆ ಮಾತ್ರ ಮುಂದಿನ ವೃತ್ತಕ್ಕೆ ಹೋಗಬೇಕು. ನನ್ನ ಚಿತ್ರ ಕಪ್ಪುಹಲಗೆ ದಾಟಿ ಗೋಡೆಗೆ ಹಬ್ಬಿದ್ದಕ್ಕೆ ಪ್ರಿನ್ಸಿಪಾಲರಿಂದ ಬೈಸಿಕೊಂಡೆ.

ಕುರುಗೋಡಿನಿಂದ ಬಂದಿದ್ದ ಅವ್ವ ಕೇಳಿದಳು: "ನಿಮ್ಮ ಕಾಲೇಜಿಗೆ ಅಂಗಳ ಇಲ್ಲೇನ?"

ಮರುದಿನ ತಾನೇ ಬಂದು ಅಂಗಳದ ಕಲ್ಲುಹಾಸಿನ ಮೇಲೆ ನನ್ನ ಚಿತ್ರವನ್ನೇ ದೊಡ್ಡ ರಂಗೋಲಿಯಾಗಿ ಹಾಕಿದಳು. ಕೊನೆಯ ವೃತ್ತದೊಳಗೆ ಕಮಲ ಬಿಡಿಸಿದಳು.

"ಅದು ಪುಸ್ತಕದಾಗ ಇಲ್ಲಬೇ," ಎಂದೆ.

"ಇಷ್ಟೆಲ್ಲಾ ಸುತ್ತಿ ಮುಟ್ಟಿದವಗ ಒಂದು ಹೂವಾದ್ರೂ ಬ್ಯಾಡೇನ?"

ರಂಗೋಲಿಯಾದ್ದರಿಂದ ಚಪ್ಪಲಿ ಹೊರಗೆ ಬಿಡಬೇಕೆಂದೂ ಕಟ್ಟಪ್ಪಣೆ ಮಾಡಿದಳು. ಆ ಅಪ್ಪಣೆಯೇ ಮುಂದೆ ನನ್ನನ್ನು ಪೇಚಿಗೆ ಸಿಕ್ಕಿಸಿತು.

ಕಾಲು ಸುಟ್ಟುಕೊಂಡ ಪುಣ್ಯಾತ್ಮರು

ತಪಾಸಣೆಗೆ ಬಂದ ಹಿರಿಯ ಪ್ರಾಧ್ಯಾಪಕರು ರಂಗೋಲಿ ನೋಡಿ ಮಗುವಿನಂತೆ ಹಿಗ್ಗಿದರು. "ನಾನೇ ಪಾರ್ಸರ್ ಆಗ್ತೀನ್ರಿ!" ಎಂದು ಬೂಟು ಕಳಚಿ ನಿಂತರು. ಹುಡುಗರು ರಟ್ಟಿನ ಮೇಲೆ ಬರೆದ ಪದಗಳನ್ನು ಒಂದೊಂದಾಗಿ ಎತ್ತಿ ಹಿಡಿದರು. ಹೆಸರು ಬಂತು, ಸಮ ಚಿಹ್ನೆ ಬಂತು, ಅಂಕಿ ಬಂತು. ಇನ್ನು ವಾಕ್ಯ ಮುಗಿಸುವ ಚಿಹ್ನೆಯಾದ ಸೆಮಿಕೋಲನ್ ಬಂದರೆ ಅವರು ಕಮಲ ಸೇರಿದಂತೆ.

ಸೆಮಿಕೋಲನ್ ಇಲ್ಲ! ಅದನ್ನು ಹಿಡಿದಿದ್ದ ವಿದ್ಯಾರ್ಥಿ, ಅತಿಥಿಗಳು ಬೆವರುವುದು ನೋಡಿ, ಅದೇ ರಟ್ಟನ್ನು ಬಿಸಿಲಿಗೆ ತಲೆಮೇಲಿಟ್ಟುಕೊಂಡು ಕೌಲ್ ಬಜಾರಿಗೆ ಸೋಡಾ ತರಲು ಹೋಗಿದ್ದ.

ಬಳ್ಳಾರಿಯ ಮಧ್ಯಾಹ್ನ, ಕಾದ ಕಲ್ಲು, ಬರಿಗಾಲು. ನನ್ನ ನೌಕರಿ ಹೋಯಿತೆಂದೇ ಅಂದುಕೊಂಡೆ.

"ಸೆಮಿಕೋಲನ್ ಬಂತು ಅಂತ ತಿಳ್ಕೊಂಡು ನೆರಳಿಗೆ ಬರ್ರಿ ಸರ್!" ಎಂದು ಕೂಗಿದೆ.

"ಮಿಷಿನ್ ಹಂಗ ತಿಳ್ಕೊಂತೈತೇನ್ರಿ?" ಎಂದು ಒಂದು ಕಾಲೆತ್ತಿ ನಿಂತರು.

ಅಂಕಿಯಾದ ಮೇಲೆ ಕೂಡುವ ಚಿಹ್ನೆ ಬಂದರೆ ಹಿಂದಿನ ವೃತ್ತಕ್ಕೆ ಹೋಗಬಹುದಿತ್ತು. ಕನಿಕರದಿಂದ ಒಬ್ಬಳು ಕೂಡುವ ಚಿಹ್ನೆ ಎತ್ತಿದಳು. ಅವರು ಹಿಂದಕ್ಕೆ ಜಿಗಿದರು. ಇನ್ನೊಬ್ಬ ಅಂಕಿ ಎತ್ತಿದ, ಮುಂದಕ್ಕೆ ಜಿಗಿದರು. ಕಾಲು ಒಂದೇ ಕಡೆ ಸುಡದಿರಲೆಂದು ಹುಡುಗರು ಎತ್ತುತ್ತಲೇ ಹೋದರು, ಲೆಕ್ಕ ಬೆಳೆಯುತ್ತಲೇ ಹೋಯಿತು. ಪ್ರಿನ್ಸಿಪಾಲರು ಓಡಿ ಬಂದು, "ಸರ್‌ಗೆ ಯಾಕ ಕುಣಿಸಾಕ ಹತ್ತೀರಿ?" ಎಂದು ಗದರಿದರು.

"ಕುಣಿತಿಲ್ರಿ, ಕೂಡಾಕ ಹತ್ತೀನಿ!" ಎಂದು ಪ್ರಾಧ್ಯಾಪಕರೇ ಉತ್ತರಿಸಿದರು.

ಕೊನೆಗೆ ತಲೆಯ ಮೇಲೆ ಸೆಮಿಕೋಲನ್, ಕೈಯಲ್ಲಿ ಸೋಡಾ ಹಿಡಿದು ಆ ವಿದ್ಯಾರ್ಥಿ ಬಂದ. ಅವರು ಅವ್ವನ ಕಮಲಕ್ಕೆ ಹಾರಿ, ಅಲ್ಲಿಂದ ನೆರಳಿಗೆ ಓಡಿದರು. ಅರ್ಧ ಸೋಡಾ ಕುಡಿದರು, ಅರ್ಧ ಕಾಲಿಗೆ ಸುರಿದುಕೊಂಡರು.

ಬೇರೆ ಯಾರಾದರೂ ಆಗಿದ್ದರೆ ನನ್ನನ್ನು ಮನೆಗೆ ಕಳಿಸುತ್ತಿದ್ದರು. ಇವರ ದಯೆಯಿಂದ ನಾನು ನಿವೃತ್ತಿಯವರೆಗೂ ಅನ್ನ ಉಂಡೆ. ನೆನೆದಾಗಲೆಲ್ಲ ಕೈ ತಾನಾಗಿ ಮುಗಿಯುತ್ತದೆ. ಕೆಲವು ದಿನಗಳ ಮೇಲೆ ಬಂದ ಅವರ ವರದಿಯನ್ನು ಪ್ರಿನ್ಸಿಪಾಲರು ಬಿಚ್ಚಿದರು. ಅದರಲ್ಲಿ ಹೀಗಿತ್ತು: "ಪಾಠ ಉತ್ತಮ, ಕೋರ್ಸು ಮುಂದುವರಿಯಲಿ. ಕಾಲೇಜಿಗೆ ತುರ್ತಾಗಿ ಬೇಕಾದವು: ಮೊದಲು ಅಂಗಳಕ್ಕೊಂದು ಚಪ್ಪರ, ಆಮೇಲೆ ಕಂಪ್ಯೂಟರ್."